ಚೌಕನೆ ಡಬ್ಬಿ, ದುಂಡನೆ ತೂತು, ಸಿನಿಮಾದವರು ಮರೆತ ಫ್ಯಾನು

ಟೀಮ್ ಔಟಿಂಗ್, ಲೀಡರ್‌ಶಿಪ್ ಟ್ರೈನಿಂಗ್ ಅಂತ ಆಫೀಸಿನವರು ರೆಸಾರ್ಟಿಗೆ ಕರ್ಕೊಂಡು ಹೋದಾಗ ತೋರಿಸೋ ವಿಡಿಯೋಗಳಲ್ಲಿ ‘ಅಪೋಲೋ 13’ ಸಿನಿಮಾದ ಒಂದು ತುಣುಕಿಗೆ ಖಾಯಂ ಜಾಗ ಇದೆ. ನೀವೂ ನೋಡಿರ್ತೀರಿ. ಹ್ಯೂಸ್ಟನ್ನಿನ ಒಂದು ಕೋಣೆ, ಬಿಳಿ ಅಂಗಿ ಹಾಕಿ ಟೈ ಕಟ್ಟಿದ ಎಂಜಿನಿಯರುಗಳು. ಪೆಟ್ಟಿಗೆಯಲ್ಲಿದ್ದ ಸಾಮಾನನ್ನೆಲ್ಲ ಮೇಜಿನ ಮೇಲೆ ದಬದಬ ಅಂತ ಸುರೀತಾರೆ: ಪೈಪು, ಪ್ಲಾಸ್ಟಿಕ್ ಚೀಲ, ಟೇಪು, ಇನ್ನೇನೇನೋ. ಚೌಕನೆಯ ಡಬ್ಬಿಯೊಂದನ್ನ ದುಂಡನೆಯ ಡಬ್ಬಿಯ ಜಾಗಕ್ಕೆ ಹೊಂದಿಸಬೇಕು, ಬಳಸೋಕೆ ಇರೋದು ಮೇಜಿನ ಮೇಲಿರೋ ಇಷ್ಟೇ ಸಾಮಾನು ಅಂತ ಅಪ್ಪಣೆ ಆಗುತ್ತೆ. ಅಲ್ಲಿಗೆ ಟ್ರೈನರ್ ವಿಡಿಯೋ ನಿಲ್ಲಿಸಿ ನಮ್ಮ ಕಡೆ ತಿರುಗಿ, ಇದರಿಂದ ನೀವೇನು ಕಲಿತಿರಿ ಅಂತ ಕೇಳ್ತಾರೆ. ನನ್ನ 12 ವರ್ಷದ ನೌಕರಿಯಲ್ಲಿ ನಾಲ್ಕು ಸಲ ಈ ತುಣುಕು ನೋಡಿದ್ದೀನಿ, ನಾಲ್ಕು ಸಲವೂ ಉತ್ತರ ಒಂದೇ: ಟೀಮ್‌ವರ್ಕು, ಕ್ರಿಯೇಟಿವಿಟಿ, ಆಮೇಲೆ ಊಟ.

ಈ ತುಣುಕಿನ ಮೇಲೆ ನನಗೆ ಒಂದು ತಕರಾರಿದೆ. ಅದನ್ನ ಹೇಳೋಕೆ ಇನ್ನೊಂದು ಸಿನಿಮಾ, ಒಂದು ಪುಸ್ತಕ ಎರಡನ್ನೂ ಜೊತೆಗೆ ಎಳ್ಕೊಂಡು ಬರಬೇಕು. ಮೂರೂ ಒಂದೇ ವಿಷಯದ ಮೇಲಿವೆ. ಮುಚ್ಚಿದ ನೌಕೆಯಲ್ಲಿ ಕೂತ ಮನುಷ್ಯರು ಬಿಡೋ ಉಸಿರಿನಲ್ಲಿರೋ ಇಂಗಾಲದ ಡೈಆಕ್ಸೈಡನ್ನ ಎಲ್ಲಿಗೆ ಕಳಿಸೋದು? ಒಬ್ಬ ಮನುಷ್ಯ ದಿನಕ್ಕೆ ಸುಮಾರು 1 ಕಿಲೋ ಡೈಆಕ್ಸೈಡ್ ಹೊರಗೆ ಹಾಕ್ತಾನೆ. ಭೂಮಿ ಮೇಲೆ ಇದು ಯಾರ ತಲೆನೋವೂ ಅಲ್ಲ. ನೌಕೆಯಲ್ಲಿ ಅಕ್ಷರಶಃ ತಲೆನೋವು.

ಮೊದಲೇ ಹೇಳಿಬಿಡ್ತೀನಿ, ‘ಅಪೋಲೋ 13’ ನನಗೆ ಇಷ್ಟದ ಸಿನಿಮಾ. 1995ರದ್ದು, ರಾನ್ ಹೊವಾರ್ಡ್ ನಿರ್ದೇಶನ. ಮೂವರು ಗಗನಯಾತ್ರಿಗಳಾಗಿ ಟಾಮ್ ಹ್ಯಾಂಕ್ಸ್, ಬಿಲ್ ಪ್ಯಾಕ್ಸ್‌ಟನ್, ಕೆವಿನ್ ಬೇಕನ್. ಆ ಯಾನದ ಕಮಾಂಡರ್ ಜಿಮ್ ಲೊವೆಲ್ ಅವರೇ ಜೆಫ್ರಿ ಕ್ಲೂಗರ್ ಜೊತೆ ಸೇರಿ ಬರೆದ ‘ಲಾಸ್ಟ್ ಮೂನ್’ ಪುಸ್ತಕ ಇದಕ್ಕೆ ಆಧಾರ. ತೂಕವಿಲ್ಲದೆ ತೇಲೋ ದೃಶ್ಯಗಳಿಗೆ ಇವರು ಹಗ್ಗ ಕಟ್ಟಿ ನೇತಾಡಲಿಲ್ಲ. ನಾಸಾದ ಕೆಸಿ-135 ವಿಮಾನದೊಳಗೇ ಸೆಟ್ ಹಾಕಿ, ಆ ವಿಮಾನ ಮೇಲೇರಿ ಕೆಳಗೆ ಬೀಳೋವಾಗ ಸಿಗೋ ಇಪ್ಪತ್ತು ಚಿಲ್ಲರೆ ಸೆಕೆಂಡುಗಳಲ್ಲಿ ಶೂಟ್ ಮಾಡಿದ್ರು. ಇಂಥಾ ಸುಮಾರು 600 ಸುತ್ತು. ಅಷ್ಟು ಸಲ ವಾಂತಿಯ ಅಂಚಿಗೆ ಹೋಗಿಬಂದು ನಟಿಸಿದವರ ಬಗ್ಗೆ ಹಗುರವಾಗಿ ಮಾತಾಡೋಕೆ ನನಗೆ ಮನಸ್ಸಿಲ್ಲ. ಅದಕ್ಕೇ ತೆರೆಯ ಮೇಲೆ ವಸ್ತುಗಳು ತೇಲೋ ರೀತಿ ಇವತ್ತಿಗೂ ನಕಲಿ ಅನ್ಸಲ್ಲ.

ಆದರೆ ಅಷ್ಟೆಲ್ಲ ಕಷ್ಟಪಟ್ಟು ಮನುಷ್ಯರನ್ನ ತೇಲಿಸಿದ ಸಿನಿಮಾ, ಅವರು ಉಸಿರಾಡೋ ಗಾಳಿ ಆ ಸ್ಥಿತಿಯಲ್ಲಿ ಏನಾಗುತ್ತೆ ಅಂತ ಒಂದು ಸಲವೂ ಕೇಳಲ್ಲ. ಕೇಳಿದ್ದಿದ್ರೆ ಆ ಪ್ರಸಿದ್ಧ ದೃಶ್ಯವನ್ನ ಹಾಗೆ ಬರೀತಾ ಇರಲಿಲ್ಲ ಅನ್ನೋದು ನನ್ನ ಅನಿಸಿಕೆ.

1970ರ ಏಪ್ರಿಲ್ 13ರ ರಾತ್ರಿ, ಭೂಮಿಯಿಂದ ಸುಮಾರು 3 ಲಕ್ಷ 20 ಸಾವಿರ ಕಿಲೋಮೀಟರ್ ದೂರದಲ್ಲಿ ಆಮ್ಲಜನಕದ ಟ್ಯಾಂಕ್ ಸಿಡೀತು. ಮೂವರೂ ಮುಖ್ಯ ನೌಕೆಯ ಕರೆಂಟು ಆರಿಸಿ, ಪಕ್ಕಕ್ಕೆ ಅಂಟಿಕೊಂಡಿದ್ದ ಅಕ್ವೇರಿಯಸ್ ಅನ್ನೋ ಚಂದ್ರನೌಕೆಗೆ ದಾಟಿಕೊಂಡರು. ಅದು ಇಬ್ಬರಿಗೆ, ಸುಮಾರು ಎರಡು ದಿನಕ್ಕೆ ಅಂತ ಕಟ್ಟಿದ್ದು. ಈಗ ಮೂವರು, ಸುಮಾರು ನಾಲ್ಕು ದಿನ ಇರಬೇಕು. ಅದರಲ್ಲಿ ಆಮ್ಲಜನಕಕ್ಕೆ ಬರ ಇರಲಿಲ್ಲ, ಇದನ್ನ ನೆನಪಿಟ್ಕೊಳ್ಳಿ, ಮುಂದೆ ಬೇಕಾಗುತ್ತೆ. ತೀರಿಹೋಗ್ತಾ ಇದ್ದಿದ್ದು ಡೈಆಕ್ಸೈಡ್ ಹೀರಿಕೊಳ್ಳೋ ಲಿಥಿಯಂ ಹೈಡ್ರಾಕ್ಸೈಡ್ ಡಬ್ಬಿಗಳು. ಮುಖ್ಯ ನೌಕೆಯಲ್ಲಿ ಬೇಕಾದಷ್ಟು ಡಬ್ಬಿಗಳಿದ್ದವು, ಆದರೆ ಅವು ಚೌಕ. ಅಕ್ವೇರಿಯಸ್‌ನಲ್ಲಿ ಡಬ್ಬಿ ಕೂರೋ ಜಾಗ ದುಂಡಗೆ.

ಈಗ ವಿಷಯಕ್ಕೆ ಬರ್ತೀನಿ. ಆ ಚೌಕನೆ ಡಬ್ಬಿಯನ್ನ ದುಂಡನೆ ತೂತಿಗೆ ಯಾರೂ ತುರುಕಲೇ ಇಲ್ಲ. ಅವರು ಮಾಡಿದ್ದು ಇಷ್ಟು: ಡಬ್ಬಿಯ ಒಂದು ಮುಖಕ್ಕೆ ಪ್ಲಾಸ್ಟಿಕ್ ಚೀಲ ಹೊದಿಸಿ ಟೇಪ್ ಸುತ್ತಿದರು. ಆ ಚೀಲಕ್ಕೊಂದು ತೂತು ಮಾಡಿ, ಗಗನಯಾತ್ರಿಗಳ ಸೂಟಿಗೆ ಗಾಳಿ ಹಾಯಿಸೋ ಪೈಪಿನ ತುದಿಯನ್ನ ಒಳಗೆ ತೂರಿಸಿದರು. ಪೈಪಿನ ಇನ್ನೊಂದು ಕೊನೆಯಲ್ಲಿ ಅಕ್ವೇರಿಯಸ್‌ನ ಫ್ಯಾನ್ ಇತ್ತು. ಅದು ಎಳೆದಾಗ ಕೋಣೆಯ ಗಾಳಿ ಡಬ್ಬಿಯೊಳಗಿಂದ ಹಾದು ಬರುತ್ತೆ, ಬರೋವಾಗ ಡೈಆಕ್ಸೈಡನ್ನ ಅಲ್ಲೇ ಬಿಟ್ಟು ಬರುತ್ತೆ. ರಟ್ಟು ಯಾಕೆ ಬೇಕಾಯ್ತು ಗೊತ್ತಾ? ಫ್ಯಾನ್ ಎಳೆಯೋ ರಭಸಕ್ಕೆ ಚೀಲ ಡಬ್ಬಿಗೆ ಅಂಟಿಕೊಂಡು ಗಾಳಿದಾರಿ ಮುಚ್ಚಿಹೋಗಬಾರದು ಅಂತ ಅದನ್ನ ಕಮಾನಿನ ಥರ ಬಗ್ಗಿಸಿ ಒಳಗೆ ಆಧಾರ ಕೊಟ್ಟರು. ಇಂಥವು ಎರಡು ತಯಾರಾದವು.

ಅಂದ್ರೆ ಇಡೀ ಯೋಚನೆ ನಿಂತಿರೋದು ಗಾಳಿ ಎಲ್ಲಿಂದ ಎಲ್ಲಿಗೆ ಹರೀಬೇಕು ಅನ್ನೋದರ ಮೇಲೆ. ಡಬ್ಬಿಯ ಆಕಾರ ದೊಡ್ಡ ವಿಷಯವೇ ಅಲ್ಲ. ಡಬ್ಬಿ ಎಲ್ಲಿ ಬೇಕಾದ್ರೂ ತೇಲಾಡ್ಕೊಂಡು ಇರಲಿ, ಅದರ ಮೂಲಕ ಗಾಳಿ ಹಾದುಹೋದರೆ ಸಾಕು. ಸಿನಿಮಾ ಇದನ್ನ ಮಕ್ಕಳ ಆಟಿಕೆಯ ಲೆಕ್ಕಕ್ಕೆ ಇಳಿಸಿತು: ಚೌಕ, ವೃತ್ತ, ಜೋಡಿಸು. ನೋಡೋರಿಗೆ ಒಂದೇ ಏಟಿಗೆ ಅರ್ಥವಾಗೋದು ಅದೇ, ಒಪ್ತೀನಿ. ಆದರೆ ಆ ತುಣುಕು ನೋಡಿದ ನೂರು ಜನರನ್ನ ಕೇಳಿ, ಫ್ಯಾನ್ ಅನ್ನೋ ಪದ ಒಬ್ಬರ ಬಾಯಲ್ಲೂ ಬರಲ್ಲ.

ಫ್ಯಾನ್ ಯಾಕಿಷ್ಟು ಮುಖ್ಯ ಅಂತ ನನಗೆ ಅರ್ಥವಾಗಿದ್ದು ಹಗೇವಿನಿಂದ. ತುಮಕೂರು ಜಿಲ್ಲೆಯ ನಮ್ಮೂರಲ್ಲಿ ನಾನು ಚಿಕ್ಕವನಿದ್ದಾಗ ಒಂದು ಹಗೇವು ಇನ್ನೂ ಬಳಕೆಯಲ್ಲಿತ್ತು. ಸಿಟಿಯಲ್ಲೇ ಹುಟ್ಟಿದವರಿಗೆ ಹೇಳ್ತೀನಿ, ಹಗೇವು ಅಂದ್ರೆ ರಾಗಿ ತುಂಬಿಡೋಕೆ ನೆಲದೊಳಗೆ ತೋಡಿದ ಕಣಜ. ಮೇಲೆ ಬಾಯಿ ಚಿಕ್ಕದು, ಒಳಗೆ ಹೊಟ್ಟೆ ದೊಡ್ಡದು. ಅದರ ಬಾಯಿ ತೆಗೆದ ತಕ್ಷಣ ಯಾರನ್ನೂ ತಾತ ಒಳಗೆ ಇಳಿಯೋಕೆ ಬಿಡ್ತಿರಲಿಲ್ಲ. ಹೊತ್ತು ಕಳೀಬೇಕು, ಕಂಬಳಿ ಬೀಸಿ ಗಾಳಿ ಆಡಿಸಬೇಕು, ಆಮೇಲೆ ಲಾಟೀನಿಗೆ ಹಗ್ಗ ಕಟ್ಟಿ ಇಳಿಬಿಡಬೇಕು. ದೀಪ ಆರಿದ್ರೆ ಒಳಗೆ ಕೆಟ್ಟ ಗಾಳಿ ಇದೆ ಅಂತ. ಕಾಳೂ ಉಸಿರಾಡುತ್ತೆ, ಅದು ಬಿಟ್ಟ ಡೈಆಕ್ಸೈಡ್ ಮಾಮೂಲಿ ಗಾಳಿಗಿಂತ ಭಾರ, ತಳದಲ್ಲಿ ಮಡುಗಟ್ಟಿ ನಿಲ್ಲುತ್ತೆ. ಹೀಗೆ ಇಳಿದು ಸತ್ತವರ ಕಥೆ ಬಯಲುಸೀಮೆಯಲ್ಲಿ ಹಳಬರ ಬಾಯಲ್ಲಿ ಬೇಕಾದಷ್ಟಿವೆ.

ಹಗೇವಿನಲ್ಲಿ ಕೆಟ್ಟ ಗಾಳಿಗೆ ಒಂದು ವಿಳಾಸ ಇದೆ: ತಳ. ನೌಕೆಯಲ್ಲಿ ತಳವೇ ಇಲ್ಲ. ತೂಕವೇ ಇಲ್ಲದ ಕಡೆ ಭಾರದ ಅನಿಲ ಕೆಳಗಿಳಿಯಲ್ಲ, ಬೆಚ್ಚನೆಯ ಉಸಿರು ಮೇಲೇರಲ್ಲ. ಭೂಮಿ ಮೇಲೆ ನಾವು ಬಿಟ್ಟ ಉಸಿರು ಬೆಚ್ಚಗಿರೋದ್ರಿಂದ ತಾನಾಗೇ ಎದ್ದು ಹೋಗುತ್ತೆ, ಹೊಸ ಗಾಳಿ ಆ ಜಾಗಕ್ಕೆ ಬರುತ್ತೆ, ನಮಗೆ ಗೊತ್ತೇ ಆಗಲ್ಲ. ಅಲ್ಲಿ ಗಾಳಿ ಆಡದ ಮೂಲೆಯಲ್ಲಿ ಮಲಗಿದರೆ, ಬಿಟ್ಟ ಉಸಿರು ಮುಖದ ಸುತ್ತಲೇ ಗುಳ್ಳೆ ಥರ ಕಟ್ಟಿಕೊಳ್ಳುತ್ತೆ, ಮುಂದಿನ ಉಸಿರಿಗೆ ಅದನ್ನೇ ಎಳ್ಕೋಬೇಕು. ಅದಕ್ಕೇ ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದ ಮಲಗೋ ಗೂಡುಗಳಲ್ಲಿ ಹಗಲೂ ರಾತ್ರಿ ಗಾಳಿ ಹಾಯಿಸ್ತಾರೆ. ಅಲ್ಲಿ ತಾತನ ಕಂಬಳಿಯನ್ನ ಯಾರಾದ್ರೂ ಸದಾ ಬೀಸ್ತಾನೇ ಇರಬೇಕು.

ಸಿನಿಮಾಕ್ಕೆ ವಾಪಸ್ ಬರೋಣ. ಅಲ್ಲಿ ಡೈಆಕ್ಸೈಡ್ ಅಂದ್ರೆ ಒಂದು ಮೀಟರಿನ ಮುಳ್ಳು. ಮುಳ್ಳು 15 ದಾಟಿದ್ರೆ ಕಥೆ ಮುಗೀತು ಅನ್ನೋ ಸೂಚನೆ ಬರುತ್ತೆ, ಮುಳ್ಳು ಏರ್ತಾ ಹೋಗುತ್ತೆ, ಗಗನಯಾತ್ರಿಗಳು ಒಬ್ಬರ ಮೇಲೊಬ್ಬರು ರೇಗ್ತಾರೆ, ಡಬ್ಬಿ ತಯಾರಾಗುತ್ತೆ, ಮುಳ್ಳು ಇಳಿಯುತ್ತೆ, ಎಲ್ಲರೂ ಉಸ್ಸಪ್ಪ ಅಂತಾರೆ. ಒಂದೇ ಗುಕ್ಕಿಗೆ ಎಲ್ಲ ಮುಗಿದ ಹಾಗೆ ಕಾಣುತ್ತೆ. ನಿಜದಲ್ಲಿ ಸ್ಫೋಟಕ್ಕೂ ಈ ಡಬ್ಬಿ ಚಾಲೂ ಆಗೋದಕ್ಕೂ ನಡುವೆ ಸುಮಾರು ಒಂದೂವರೆ ದಿನ ಇತ್ತು. ನೆಲದ ಮೇಲಿನವರು ಮಾದರಿ ಮಾಡಿ, ನೋಡಿ, ಸರಿ ಅನ್ನಿಸಿದ ಮೇಲೆ ಜೋ ಕರ್ವಿನ್ ಅನ್ನೋ ಗಗನಯಾತ್ರಿ ಅದನ್ನ ರೇಡಿಯೋದಲ್ಲಿ ಒಂದೊಂದೇ ಹೆಜ್ಜೆ ಓದಿ ಹೇಳಿದರು. ಅಡುಗೆ ಪುಸ್ತಕ ಓದಿದ ಹಾಗೆ, ಯಾವ ಅವಸರವೂ ಇಲ್ಲದೆ, ಸುಮಾರು ಒಂದು ತಾಸು. ಈ ಸಿನಿಮಾಕ್ಕೆ ಬಂದ ಎರಡು ಆಸ್ಕರ್‌ಗಳಲ್ಲಿ ಒಂದು ಸಂಕಲನಕ್ಕೆ. ಆ ಕತ್ತರಿ ಎಷ್ಟು ಚುರುಕು ಅನ್ನೋದಕ್ಕೆ ಇದೊಂದೇ ಸಾಕ್ಷಿ ಸಾಕು.

ಇನ್ನೊಂದು ಮಾತು ನನ್ನನ್ನ ಇನ್ನೂ ಹೆಚ್ಚು ಕೆಣಕುತ್ತೆ. ಒಂದು ಕಡೆ ಚೌಕ, ಇನ್ನೊಂದು ಕಡೆ ದುಂಡಗೆ ಅಂತ ಗೊತ್ತಾದಾಗ ಸಿನಿಮಾದ ಜೀನ್ ಕ್ರಾಂಜ್ ಪಾತ್ರ ‘ಸರ್ಕಾರಿ ಕೆಲಸ’ದ ಮೇಲೊಂದು ವ್ಯಂಗ್ಯ ಬಿಡುತ್ತೆ. ಚಿತ್ರಮಂದಿರದಲ್ಲಿ ನಗು ಗ್ಯಾರಂಟಿ. ಆದರೆ ಮುಖ್ಯ ನೌಕೆ ಕಟ್ಟಿದ್ದು ನಾರ್ತ್ ಅಮೆರಿಕನ್ ರಾಕ್‌ವೆಲ್, ಚಂದ್ರನೌಕೆ ಕಟ್ಟಿದ್ದು ಗ್ರಮ್ಮನ್. ಎರಡೂ ಖಾಸಗಿ ಕಂಪನಿಗಳು. ಎರಡು ವೆಂಡರ್, ಎರಡು ಡಿಸೈನ್, ಒಂದರ ಡಬ್ಬಿ ಇನ್ನೊಂದಕ್ಕೆ ಹೊಂದಬೇಕು ಅಂತ ಯಾರೂ ಬರೆದಿಡಲಿಲ್ಲ. ಸಾಫ್ಟ್‌ವೇರಿನಲ್ಲಿ ಇರೋರಿಗೆ ಇದು ಹೊಸದಾ? ಎರಡು ಟೀಮಿನ ಎಪಿಐ ಒಂದಕ್ಕೊಂದು ಮಾತಾಡಲ್ಲ ಅಂತ ರಿಲೀಸಿನ ರಾತ್ರಿ ಗೊತ್ತಾಗೋದು ನಮ್ಮಲ್ಲಿ ತಿಂಗಳಿಗೊಂದು ಸಲದ ಹಬ್ಬ. ಈ ತುಣುಕಿನಿಂದ ನಿಜಕ್ಕೂ ಕಲೀಬೇಕಾದ ಪಾಠ ಇತ್ತು ಅಂದ್ರೆ ಅದು ಇಲ್ಲಿತ್ತು. ಸಿನಿಮಾ ಅದನ್ನ ಒಂದು ಜೋಕಿನಲ್ಲಿ ಮುಗಿಸಿ ಮುಂದಕ್ಕೆ ಹೋಯ್ತು.

ಆ ಉಪಾಯದ ಹಿಂದಿದ್ದ ತಂಡದ ಮುಖ್ಯಸ್ಥರು ಎಡ್ ಸ್ಮೈಲಿ. ಸಿನಿಮಾ ನೋಡಿ ಎದ್ದು ಬಂದವರಿಗೆ ಲೊವೆಲ್ ಗೊತ್ತು, ಕ್ರಾಂಜ್ ಗೊತ್ತು. ಸ್ಮೈಲಿ ಯಾರು ಅಂದ್ರೆ ಗೂಗಲ್ ಮಾಡಬೇಕು.

ಈಗ ಎರಡನೇ ಸಿನಿಮಾ. ಅದಕ್ಕೂ ಮುಂಚೆ ಒಂದು ಚಿಕ್ಕ ಲೆಕ್ಕ. ಲಿಥಿಯಂ ಹೈಡ್ರಾಕ್ಸೈಡ್ ಡೈಆಕ್ಸೈಡನ್ನ ಹೀರಿಕೊಂಡು ಲಿಥಿಯಂ ಕಾರ್ಬೊನೇಟ್ ಮತ್ತು ನೀರಾಗುತ್ತೆ, ಆಮೇಲೆ ಡಬ್ಬಿ ಕಸಕ್ಕೆ. 1 ಕಿಲೋ ಡೈಆಕ್ಸೈಡಿಗೆ ಏನಿಲ್ಲ ಅಂದ್ರೂ 1.1 ಕಿಲೋ ಪುಡಿ ಬೇಕು. ಮೂವರು, ನಾಲ್ಕು ದಿನ ಅಂದ್ರೆ 13 ಕಿಲೋ, ಒಂದು ಗ್ಯಾಸ್ ಸಿಲಿಂಡರಿನೊಳಗಿನ ಗ್ಯಾಸಿಗಿಂತ ಕಮ್ಮಿ. ನಾಲ್ವರು, ಎರಡು ವರ್ಷ ಅಂದ್ರೆ 3 ಟನ್ ದಾಟುತ್ತೆ. ದೂರದ ಪ್ರಯಾಣಕ್ಕೆ ಡಬ್ಬಿ ಹೊತ್ಕೊಂಡು ಹೋಗೋಕಾಗಲ್ಲ. ಹೀರಿದ್ದನ್ನ ಹೊರಗೆ ಕಕ್ಕಿ ಮತ್ತೆ ಹೀರೋಕೆ ತಯಾರಾಗೋ ಯಂತ್ರ ಬೇಕು.

2021ರಲ್ಲಿ ನೆಟ್‌ಫ್ಲಿಕ್ಸಿಗೆ ಬಂದ, ಜೋ ಪೆನ್ನಾ ನಿರ್ದೇಶನದ ‘ಸ್ಟೋಅವೇ’ ಕಥೆಯ ನಟ್ಟನಡುವೆ ಇಟ್ಟಿರೋದು ಅಂಥಾ ಯಂತ್ರವನ್ನೇ. (ಇಲ್ಲಿಂದ ಮುಂದೆ ಕಥೆ ಬಿಟ್ಟುಕೊಡ್ತೀನಿ. ನೋಡದವರು ನೋಡಿ ಬನ್ನಿ.) ಮಂಗಳನ ಕಡೆ ಎರಡು ವರ್ಷದ ಯಾನ, ಮೂವರು ಸಿಬ್ಬಂದಿ. ಹೊರಟ ಮೇಲೆ ಚಾವಣಿಯ ಹಲಗೆಯ ಹಿಂದೆ ಗಾಯಗೊಂಡ ಒಬ್ಬ ಮನುಷ್ಯ ಸಿಕ್ತಾನೆ, ಉಡಾವಣೆಯ ಮುಂಚೆ ಕೆಲಸ ಮಾಡ್ತಿದ್ದ ಎಂಜಿನಿಯರ್. ಈ ಗಲಾಟೆಯಲ್ಲಿ ಡೈಆಕ್ಸೈಡ್ ತೆಗೆಯೋ ಯಂತ್ರ ಹಾಳಾಗಿದೆ. ಇರೋ ಗಾಳಿ ಮೂವರಿಗೆ ಸಾಕು, ನಾಲ್ವರಿಗೆ ಸಾಲದು. ಯಾರು ಸಾಯಬೇಕು?

ಟೋನಿ ಕೊಲೆಟ್, ಆನಾ ಕೆಂಡ್ರಿಕ್, ಡೇನಿಯಲ್ ಡೇ ಕಿಮ್, ಶಾಮಿಯರ್ ಆಂಡರ್ಸನ್ ನಾಲ್ಕೂ ಜನರ ನಟನೆ ಚೆನ್ನಾಗಿದೆ. ಯಾರನ್ನೂ ಖಳನಾಯಕ ಮಾಡಿಲ್ಲ ಅನ್ನೋದು ನನಗೆ ಬಹಳ ಹಿಡಿಸಿತು. ಆ ನಾಲ್ಕನೆಯವನಿಗೆ ವಿಷಯ ಹೇಳೋ ದೃಶ್ಯ ನೋಡಿ ನಾನು ಸ್ವಲ್ಪ ಹೊತ್ತು ಪಾಸ್ ಮಾಡಿ ಬಾಲ್ಕನಿಗೆ ಹೋಗಿ ನಿಂತಿದ್ದೆ. ಆದರೆ ಎಂಜಿನಿಯರಿನ ಕಣ್ಣಿಂದ ನೋಡಿದ್ರೆ ಸಿನಿಮಾ ತನ್ನ ಪ್ರಶ್ನೆಯನ್ನ ತಾನೇ ಕೈಬಿಟ್ಟಿದೆ.

ಮೊದಲನೆಯದಾಗಿ, ಇಂಥಾ ಯಂತ್ರ ಒಂದೇ ಒಂದಾ? ಭೂಮಿಯಿಂದ ಬರೀ 400 ಕಿಲೋಮೀಟರ್ ಮೇಲಿರೋ, ಬೇಕಾದ್ರೆ ಕೆಲವೇ ಗಂಟೆಗಳಲ್ಲಿ ವಾಪಸ್ ಇಳಿಯಬಹುದಾದ ನಿಲ್ದಾಣದಲ್ಲೇ ಅಮೆರಿಕದವರ ಯಂತ್ರ ಎರಡು, ರಷ್ಯನ್ನರ ವೊಜ್ದುಖ್ ಬೇರೆ. ವಾಪಸ್ ಬರೋಕಾಗದ ಮಂಗಳಯಾನಕ್ಕೆ ಬದಲಿ ಇಲ್ಲ ಅನ್ನೋದು ನಂಬೋ ಮಾತಲ್ಲ. ಕಥೆಗಾರರಿಗೆ ಒಬ್ಬ ಸಾಯಬೇಕಾಗಿತ್ತು, ಅದಕ್ಕೇ ಸ್ಟೆಪ್ನಿ ತೆಗೆದಿಟ್ಟರು. ಟಾಮ್ ಗಾಡ್ವಿನ್ 1954ರಲ್ಲಿ ಬರೆದ ‘ದ ಕೋಲ್ಡ್ ಈಕ್ವೇಶನ್ಸ್’ ಕಥೆಯ ಕಾಲದಿಂದಲೂ ಈ ಚಾಳಿ ಇದೆ. ಅಲ್ಲಿ ಹೆಚ್ಚುವರಿ ಇಂಧನ ಇಲ್ಲ, ಇಲ್ಲಿ ಹೆಚ್ಚುವರಿ ಯಂತ್ರ ಇಲ್ಲ. ನಿಸರ್ಗದ ನಿಯಮ ಕ್ರೂರ ಅಂತ ಪಾತ್ರಗಳು ಅಳ್ತಾವೆ. ಅಲ್ಲಿ ಕ್ರೂರವಾಗಿರೋದು ಬಜೆಟ್ಟು, ಡಿಸೈನು.

ಎರಡನೆಯದು ಇನ್ನೂ ದೊಡ್ಡದು. ಕೆಟ್ಟಿದ್ದು ಡೈಆಕ್ಸೈಡ್ ತೆಗೆಯೋ ಯಂತ್ರ. ಆದರೆ ಅರ್ಧ ಸಿನಿಮಾ ಆದಮೇಲೆ ಎಲ್ಲರೂ ಓಡಾಡೋದು ಆಮ್ಲಜನಕ ತರೋಕೆ. ಉದ್ದನೆಯ ಕೇಬಲ್ ಹತ್ತಿ, ಆ ತುದಿಯ ರಾಕೆಟ್ಟಿನ ಟ್ಯಾಂಕಿನಿಂದ ದ್ರವ ಆಮ್ಲಜನಕ ಇಳಿಸ್ಕೊಂಡು ಬರೋದೇ ಕ್ಲೈಮ್ಯಾಕ್ಸ್. ಅಕ್ವೇರಿಯಸ್‌ನಲ್ಲಿ ಆಮ್ಲಜನಕಕ್ಕೆ ಬರ ಇರಲಿಲ್ಲ ಅಂದೆನಲ್ಲ? ಆಮ್ಲಜನಕ ತುಂಬಿ ತುಳುಕ್ತಾ ಇದ್ರೂ ಡೈಆಕ್ಸೈಡ್ ಏರಿದ್ರೆ ಮನುಷ್ಯ ಸಾಯ್ತಾನೆ. ಕೆಟ್ಟ ಗಾಳಿಯನ್ನ ಹೊರಗೆ ಬಿಟ್ಟು ಹೊಸದು ತುಂಬ್ತಾ ಹೋಗಬಹುದು ಅಂತ ಸಿನಿಮಾದ ಪರವಾಗಿ ವಾದ ಮಾಡಬಹುದು, ಆದರೆ ಸಿನಿಮಾ ಆ ವಾದವನ್ನ ಬಿಡಿಸಿ ಹೇಳೋ ಗೋಜಿಗೆ ಹೋಗಲ್ಲ. ‘ಉಸಿರಾಟದ ತೊಂದರೆ ಅಂದ್ರೆ ಆಮ್ಲಜನಕದ ಕೊರತೆ’ ಅನ್ನೋ ನಮ್ಮ ಸಾಮಾನ್ಯ ನಂಬಿಕೆಯ ಮೇಲೆ ಸವಾರಿ ಮಾಡುತ್ತೆ.

ಮೂರನೆಯದನ್ನ ತಕರಾರು ಅನ್ನಲ್ಲ, ಗಮನಿಸಿದ್ದು ಅಷ್ಟೇ: ನೌಕೆಯನ್ನ ಗಿರಗಿರ ತಿರುಗಿಸಿ ಅದರೊಳಗೆ ಕೃತಕ ತೂಕ ತಂದಿದ್ದಾರೆ. ಎಲ್ಲರೂ ನಡೀತಾರೆ, ಕೂರ್ತಾರೆ, ಬೀಳ್ತಾರೆ. ಹೀಗಾಗಿ ಗಾಳಿ ತಾನಾಗೇ ಆಡುತ್ತೆ. ಒಂದು ಸಿನಿಮಾ ತೂಕ ತೆಗೆದು ಗಾಳಿ ಮರೀತು, ಇನ್ನೊಂದು ತೂಕ ವಾಪಸ್ ತಂದು ಗಾಳಿಯ ಕಷ್ಟ ತಪ್ಪಿಸ್ಕೊಳ್ತು.

ನಿಜವಾದ ಯಂತ್ರದ ಹೆಸರು ಕಾರ್ಬನ್ ಡೈಆಕ್ಸೈಡ್ ರಿಮೂವಲ್ ಅಸೆಂಬ್ಲಿ, ಬಾಯಲ್ಲಿ ‘ಸೀಡ್ರಾ’. ಅದರೊಳಗೆ ನಾಲ್ಕು ಪೆಟ್ಟಿಗೆ. ಎರಡು ಗಾಳಿಯ ತೇವ ಹೀರೋಕೆ, ಎರಡು ಡೈಆಕ್ಸೈಡ್ ಹಿಡಿಯೋಕೆ. ಹಿಡಿಯೋದು ಜಿಯೋಲೈಟ್ ಅನ್ನೋ ಖನಿಜದ ಸಣ್ಣ ಮಣಿಗಳು, ಹೆಚ್ಚುಕಮ್ಮಿ ಸಾಸಿವೆ ಕಾಳಿನಷ್ಟು. ಈ ಮಣಿಗಳಿಗೆ ಡೈಆಕ್ಸೈಡಿಗಿಂತ ನೀರಿನ ಮೇಲೆ ಪ್ರೀತಿ ಜಾಸ್ತಿ, ಅದಕ್ಕೇ ಗಾಳಿಯನ್ನ ಮೊದಲು ಒಣಗಿಸಬೇಕು. ಒಂದು ಪೆಟ್ಟಿಗೆ ಹೀರ್ತಾ ಇರೋವಾಗ ಇನ್ನೊಂದನ್ನ 200 ಡಿಗ್ರಿಯ ಆಸುಪಾಸಿಗೆ ಕಾಯಿಸ್ತಾರೆ, ಅದು ಹಿಡಿದಿದ್ದನ್ನ ಬಿಡುತ್ತೆ. ಬಿಟ್ಟಿದ್ದು ಹೊರಗಿನ ಶೂನ್ಯಕ್ಕೆ ಹೋಗುತ್ತೆ, ಇಲ್ಲಾ ಹೈಡ್ರೋಜನ್ ಜೊತೆ ಸೇರಿಸಿ ನೀರು ಮಾಡೋಕೆ ಹೋಗುತ್ತೆ. ಎರಡೂವರೆ ತಾಸಿಗೊಮ್ಮೆ ಪಾಳಿ ಬದಲು. ಡಿಸೈನ್ ಓದಿದ್ರೆ ಕಣ್ಣಿಗೆ ಹಬ್ಬ.

ಓಡಿಸಿದಾಗ ಏನಾಗುತ್ತೆ? ಕಾದು ತಣಿದು ಕಾದು ತಣಿದು ಮಣಿಗಳು ಪುಡಿಯಾಗ್ತವೆ. ಆ ಹುಡಿ ವಾಲ್ವುಗಳಿಗೆ ಹೋಗಿ ಸಿಕ್ಕಿಹಾಕಿಕೊಳ್ಳುತ್ತೆ. ವಾಲ್ವ್ ಅರ್ಧಕ್ಕೇ ನಿಲ್ಲುತ್ತೆ, ಯಂತ್ರ ನಿಲ್ಲುತ್ತೆ. ನಮ್ಮೂರ ಹಿಟ್ಟಿನ ಗಿರಣಿಯವರನ್ನ ಕೇಳಿದ್ರೂ ಇದನ್ನ ಮೊದಲೇ ಹೇಳ್ತಿದ್ರು ಅಂತ ನನಗೆ ಗುಮಾನಿ. ವರ್ಷಗಟ್ಟಲೆ ಆ ನಿಲ್ದಾಣದ ಜನ ಈ ಹುಡಿಯ ಜೊತೆ ಗುದ್ದಾಡಿದ್ದಾರೆ.

ಇದನ್ನ ಬರೆದಿರೋ ಪುಸ್ತಕ ಸ್ಕಾಟ್ ಕೆಲ್ಲಿಯವರ ‘ಎಂಡ್ಯೂರೆನ್ಸ್’. ಬಂದಿದ್ದು 2017ರಲ್ಲಿ, ಮಾರ್ಗರೆಟ್ ಲಾಜರಸ್ ಡೀನ್ ಜೊತೆ ಸೇರಿ ಬರೆದದ್ದು. 2015ರ ಮಾರ್ಚಿನಿಂದ ಮರುವರ್ಷದ ಮಾರ್ಚ್‌ವರೆಗೆ 340 ದಿನ ನಿಲ್ದಾಣದಲ್ಲಿದ್ದ ಮನುಷ್ಯ ಇವರು. ಒಂದು ಅಧ್ಯಾಯ ನಿಲ್ದಾಣದ್ದು, ಒಂದು ಅಧ್ಯಾಯ ಬಾಲ್ಯ, ನೌಕಾಪಡೆಯದ್ದು ಅಂತ ಪುಸ್ತಕ ಹೆಣೆದಿದೆ. ಹಳೆಯ ಜೀವನದ ಅಧ್ಯಾಯಗಳು ಕೆಲವು ಕಡೆ ಎಳೆದಾಡ್ತವೆ, ಅಮೆರಿಕದ ಸೆಲ್ಫ್ ಹೆಲ್ಪ್ ಪುಸ್ತಕದ ವಾಸನೆ ಬರುತ್ತೆ. ನಿಲ್ದಾಣದ ಅಧ್ಯಾಯಗಳಿಗೆ ಬಂದ್ರೆ ಮಾತ್ರ ಬೇರೆಯೇ ಮನುಷ್ಯ. ಅಲ್ಲಿ ಸೀಡ್ರಾ ಒಂದು ಪಾತ್ರವೇ ಆಗಿಬಿಟ್ಟಿದೆ. ಹಠಮಾರಿ, ಭಾರೀ ಗಾತ್ರದ, ಯಾವಾಗ ಕೈಕೊಡುತ್ತೆ ಅಂತ ಹೇಳೋಕಾಗದ ಎಮ್ಮೆಯ ಥರ. ಅದನ್ನ ಗೂಡಿನಿಂದ ಹೊರಗೆಳೆದು ಬಿಚ್ಚಿ ಜೋಡಿಸೋದಕ್ಕೆ ಹಿಡಿಯೋ ಹೊತ್ತು, ಬೇಜಾರು, ಸಿಟ್ಟು ಎಲ್ಲ ಇದೆ.

ಕೆಲ್ಲಿ ಬರೆಯೋ ಇನ್ನೊಂದು ವಿಷಯ: ಡೈಆಕ್ಸೈಡ್ ಎಷ್ಟಿದೆ ಅಂತ ಮೀಟರ್ ನೋಡದೆಯೇ ಅವರ ಮೈಗೆ ಗೊತ್ತಾಗ್ತಿತ್ತಂತೆ. ತಲೆನೋವು, ಕಣ್ಣುರಿ, ಮೂಗು ಕಟ್ಟೋದು, ಸುಮ್ಮಸುಮ್ಮನೆ ರೇಗೋದು. ಸಿನಿಮಾದ 15 ಇವರಿಗೆ ಬೇಕಾಗಿಲ್ಲ, 3-4ರಲ್ಲೇ ದಿನ ಹಾಳು. (ಇದು ಪಾದರಸದ ಮಿಲಿಮೀಟರ್ ಲೆಕ್ಕ. ನಮ್ಮ ಮೀಟರಿಗೆ ತಂದ್ರೆ 3 ಅಂದ್ರೆ ಸುಮಾರು 4000 ಪಿಪಿಎಂ, ಹೊರಗಿನ ಗಾಳಿಯ ಹತ್ತರಷ್ಟು.) ಕೆಳಗಿರೋರಿಗೆ ಅಂಕಿ ಮಿತಿಯೊಳಗೆ ಇದ್ರೆ ಸಮಸ್ಯೆ ಇಲ್ಲ, ಮೇಲಿರೋನಿಗೆ ತಲೆ ಸಿಡೀತಾ ಇರುತ್ತೆ. ಈ ಜಗಳ ಪುಸ್ತಕದ ಉದ್ದಕ್ಕೂ ಆಗಾಗ ತಲೆ ಎತ್ತುತ್ತೆ. ಗೊಣಗಾಟ ಜಾಸ್ತಿ ಆಯ್ತು ಅಂತ ಕೆಲವರಿಗೆ ಅನ್ನಿಸಬಹುದು. ನನಗೆ ಆ ಗೊಣಗಾಟವೇ ಪುಸ್ತಕದ ಜೀವ ಅನ್ನಿಸಿತು.

ಗೊಣಗಾಟಕ್ಕೆ ಆಧಾರವೂ ಇತ್ತು. ನಿಲ್ದಾಣದಲ್ಲಿದ್ದವರ ತಲೆನೋವಿನ ದೂರುಗಳನ್ನೂ ಆ ದಿನಗಳ ಡೈಆಕ್ಸೈಡ್ ಪ್ರಮಾಣವನ್ನೂ ಪಕ್ಕಪಕ್ಕ ಇಟ್ಟು ನೋಡಿದ ಒಂದು ಅಧ್ಯಯನ 2014ರಲ್ಲಿ ಬಂತು. ಪ್ರಮಾಣ 1 ಮಿಲಿಮೀಟರ್ ಏರಿದ್ರೆ ತಲೆನೋವಿನ ಸಂಭವ ಹೆಚ್ಚುಕಮ್ಮಿ ಎರಡರಷ್ಟು, ಅಪಾಯ ಶೇಕಡಾ 1ಕ್ಕಿಂತ ಕಮ್ಮಿ ಇರಬೇಕಾದ್ರೆ ವಾರದ ಸರಾಸರಿ 2.5 ದಾಟಬಾರದು ಅಂತ ಅದರ ಲೆಕ್ಕ. ಹಳೇ ಮಿತಿ 5.3 ಇತ್ತು. ಆಮೇಲೆ ಅದನ್ನ ಹಂತಹಂತವಾಗಿ ಇಳಿಸ್ಕೊಂಡು ಬಂದರು.

ಕುತೂಹಲಕ್ಕೆ ಅಂತ ನಾನೊಂದು ಡೈಆಕ್ಸೈಡ್ ಮೀಟರ್ ತಗೊಂಡು ಆಫೀಸಿನ ಮೀಟಿಂಗ್ ರೂಮಲ್ಲಿ ಇಟ್ಟಿದ್ದೆ. ಹತ್ತು ಜನ, ಮುಚ್ಚಿದ ಗಾಜಿನ ಬಾಗಿಲು, ಒಂದು ಗಂಟೆ ಆಗೋ ಹೊತ್ತಿಗೆ 2000 ದಾಟಿತ್ತು. ಸ್ಪ್ರಿಂಟ್ ಪ್ಲಾನಿಂಗಿನಲ್ಲಿ ನಿದ್ದೆ ಬರೋದಕ್ಕೆ ಬರೀ ಪ್ರಾಡಕ್ಟ್ ಮ್ಯಾನೇಜರನ್ನೇ ಬೈಯೋದು ನ್ಯಾಯ ಅಲ್ಲ ಅಂತ ಅವತ್ತು ಒಪ್ಕೊಂಡೆ.

ನನ್ನ ತಕರಾರಿನ ಮೂಲ ಇರೋದು ಆಫೀಸಿನಲ್ಲೇ. ಹಿಂದೆ ಕೆಲಸ ಮಾಡ್ತಿದ್ದ ಒಂದು ಕಂಪನಿಯಲ್ಲಿ ನಮ್ಮ ಜೊತೆ ಒಬ್ಬರಿದ್ದರು. ಸರ್ವರಿನ ಡಿಸ್ಕ್ ತುಂಬೋ ಮುಂಚೆ ಖಾಲಿ ಮಾಡೋದು, ಸರ್ಟಿಫಿಕೇಟ್ ಮುಗಿಯೋ ಮುಂಚೆ ಬದಲಾಯಿಸೋದು, ಬ್ಯಾಕಪ್ ನಿಜಕ್ಕೂ ವಾಪಸ್ ಬರುತ್ತಾ ಅಂತ ತಿಂಗಳಿಗೊಮ್ಮೆ ತೆಗೆದು ನೋಡೋದು, ಇವೆಲ್ಲ ಅವರ ಕೆಲಸ. ಅವರಿದ್ದ ಮೂರು ವರ್ಷ ನಮಗೆ ರಾತ್ರಿ ಫೋನ್ ಬಂದಿದ್ದು ಕಮ್ಮಿ. ಅಪ್ರೈಸಲ್‌ನಲ್ಲಿ ಅವರಿಗೆ ‘ಇಂಪ್ಯಾಕ್ಟ್ ಕಾಣಿಸ್ತಿಲ್ಲ’ ಅಂತ ಬರೆದರು. ಅವರು ಬಿಟ್ಟುಹೋದ ನಾಲ್ಕನೇ ತಿಂಗಳಿಗೆ ಸೈಟ್ ಮಲಗಿತು, ಇಬ್ಬರು ರಾತ್ರಿಯೆಲ್ಲ ಕೂತು ಎಬ್ಬಿಸಿದರು, ಅವರಿಗೆ ಸ್ಟಾರ್ ಅವಾರ್ಡ್. ಅವಾರ್ಡ್ ಕೊಟ್ಟ ಸಭೆಯಲ್ಲಿ ತೋರಿಸಿದ ವಿಡಿಯೋ ಯಾವುದು ಅಂತ ಬೇರೆ ಹೇಳಬೇಕಾ?

ಹಾಗಾಗಿ ‘ಅಪೋಲೋ 13’ರ ಆ ಎರಡು ನಿಮಿಷ ನನಗೆ ಬರೀ ಸಿನಿಮಾ ಆಗಿ ಉಳಿದಿಲ್ಲ. ಯಾವ ಕೆಲಸಕ್ಕೆ ಚಪ್ಪಾಳೆ, ಯಾವ ಕೆಲಸಕ್ಕೆ ‘ಇಂಪ್ಯಾಕ್ಟ್ ಇಲ್ಲ’ ಅನ್ನೋದನ್ನ ಅದು ಒಂದು ಪೀಳಿಗೆಯ ಮ್ಯಾನೇಜರುಗಳಿಗೆ ಕಲಿಸಿಬಿಟ್ಟಿದೆ. ಸ್ಮೈಲಿ ತಂಡದ ಕೆಲಸ ಅದ್ಭುತವಾದದ್ದೇ, ಅದರಲ್ಲಿ ಎರಡು ಮಾತಿಲ್ಲ. ಆದರೆ ಅದು ಸಾಧ್ಯವಾಗಿದ್ದು ಅಕ್ವೇರಿಯಸ್‌ನ ಆ ಪುಟ್ಟ ಫ್ಯಾನು ಅಷ್ಟೂ ದಿನ ನಿಲ್ಲದೆ ತಿರುಗಿದ್ದರಿಂದ. ಅದನ್ನ ಹಾಗೆ ತಿರುಗೋ ಥರ ಮಾಡಿದವರು ಯಾರು ಅಂತ ಯಾವ ಟ್ರೈನರೂ ಕೇಳಿಲ್ಲ.

ನಮಗೂ ಇದು ದೂರದ ಮಾತಾಗಿ ಉಳಿದಿಲ್ಲ. ಇಸ್ರೋದ ಮಾನವ ಬಾಹ್ಯಾಕಾಶ ಯಾನ ಕೇಂದ್ರ ಇರೋದು ಬೆಂಗಳೂರಲ್ಲೇ. ಗಗನಯಾನದ ಯೋಜನೆ ಮೂವರು, ಮೂರು ದಿನ, 400 ಕಿಲೋಮೀಟರ್ ಎತ್ತರ. ಲೆಕ್ಕ ಹಾಕಿ, 9 ಕಿಲೋ ಡೈಆಕ್ಸೈಡ್. ಇದು ಬಳಸಿ ಬಿಸಾಡೋ ಡಬ್ಬಿಗಳ ಮಟ್ಟದ ಲೆಕ್ಕ. ಆದರೆ 2035ಕ್ಕೆ ನಮ್ಮದೇ ನಿಲ್ದಾಣ ಅಂತ ಗುರಿ ಇಟ್ಟಿದ್ದಾರೆ, ಅಲ್ಲಿ ಸೀಡ್ರಾದಂಥ ಯಂತ್ರ ಇಲ್ಲದೆ ಆಗಲ್ಲ. 2025ರಲ್ಲಿ ಶುಭಾಂಶು ಶುಕ್ಲಾ 18 ದಿನ ನಿಲ್ದಾಣದಲ್ಲಿದ್ದಾಗ ಮಾಡಿದ ಪ್ರಯೋಗಗಳಲ್ಲಿ ಸೂಕ್ಷ್ಮ ಪಾಚಿಯದ್ದೂ ಒಂದು. ‘ಸ್ಟೋಅವೇ’ಯಲ್ಲಿ ಡೇನಿಯಲ್ ಡೇ ಕಿಮ್ ಪಾತ್ರ ಬೆಳೆಸೋಕೆ ಹೋಗೋದೂ ಪಾಚಿಯನ್ನೇ. ನಮ್ಮ ಟಿವಿಯವರು ಆ 18 ದಿನ ತೋರಿಸಿದ್ದು ಮಾತ್ರ ಹೆಚ್ಚಾಗಿ ಉಡಾವಣೆ, ಬಾವುಟ, ಪ್ರಧಾನಿ ಜೊತೆಗಿನ ಮಾತು.

ಗಗನಯಾನದ ಮೇಲೆ ನಾಳೆ ನಮ್ಮಲ್ಲೂ ಸಿನಿಮಾ ಬರುತ್ತೆ, ಖಂಡಿತ ಬರುತ್ತೆ. ಕಂಟ್ರೋಲ್ ರೂಮಿನಲ್ಲಿ ಕಣ್ಣೀರು, ಸ್ಲೋ ಮೋಷನ್, ಹಿನ್ನೆಲೆಯಲ್ಲಿ ತಮಟೆ. ಇರಲಿ, ನಾನೂ ಮೊದಲ ದಿನ ಮೊದಲ ಶೋಗೆ ಹೋಗ್ತೀನಿ. ಅದರಲ್ಲಿ ಒಂದು ದೃಶ್ಯಕ್ಕೆ ಜಾಗ ಮಾಡಿಕೊಡಿ ಅಂತ ನಿರ್ದೇಶಕರಿಗೆ ಈಗಲೇ ಅರ್ಜಿ. ನಿಲ್ದಾಣದಲ್ಲಿ ಶನಿವಾರ ಅಂದ್ರೆ ಕ್ಲೀನಿಂಗ್ ದಿನ. ತೂಕ ಇಲ್ಲದ ಕಡೆ ಧೂಳು ನೆಲಕ್ಕೆ ಬೀಳಲ್ಲ, ಗಾಳಿ ಎಳೆದ ಕಡೆಗೇ ತೇಲಿ ಹೋಗಿ ಗಾಳಿಕಿಂಡಿಯ ಜಾಲರಿಗೆ ಮೆತ್ತಿಕೊಳ್ಳುತ್ತೆ. ಬಿಟ್ಟರೆ ಗಾಳಿ ನಿಲ್ಲುತ್ತೆ. ಪಿಎಚ್‌ಡಿ ಮಾಡಿದವರು, ಯುದ್ಧವಿಮಾನ ಹಾರಿಸಿದವರು ಒಂದು ಕೈಯಲ್ಲಿ ಕಂಬಿ ಹಿಡ್ಕೊಂಡು, ಇನ್ನೊಂದು ಕೈಯಲ್ಲಿ ವ್ಯಾಕ್ಯೂಮ್ ಕ್ಲೀನರಿನ ಮೂತಿ ಹಿಡಿದು, ತೇಲ್ತಾ ತೇಲ್ತಾ ಒಂದೊಂದೇ ಜಾಲರಿ ಒರೆಸಿಕೊಂಡು ಬರ್ತಾರೆ. ನಾಸಾದವರೇ ಹಾಕಿರೋ ವಿಡಿಯೋಗಳು ಯೂಟ್ಯೂಬಲ್ಲಿವೆ. ಹಿನ್ನೆಲೆ ಸಂಗೀತ ಇಲ್ಲ, ಬರೀ ಫ್ಯಾನಿನ ಗುಂಯ್ ಸದ್ದು.